ಬಿ.ಎಡ್. ಮೊದಲಾ, ಎಂ.ಎ. ಕನ್ನಡ ಮೊದಲಾ? ಬರೆಯುವ ಆಸೆಯೂ ಉಂಟು

ಕಾಪು ಕಡಲು:

ಎಲ್ಲರಿಗೂ ನಮಸ್ಕಾರ. ನಾನು ಬಿ.ಎ. ಕೊನೆಯ ಸೆಮಿಸ್ಟರ್‌ನಲ್ಲಿದ್ದೇನೆ. ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ. ಅಪ್ಪನದ್ದು ಒಂದೇ ಮಾತು: ಬಿ.ಎಡ್. ಮಾಡು, ಎರಡು ವರ್ಷದಲ್ಲಿ ಕೈಗೊಂದು ಕೆಲಸ. ನಮ್ಮ ಕನ್ನಡ ಮೇಡಂ ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯಕ್ಕೆ ಹೋಗಿ ಎಂ.ಎ. ಮಾಡು ಅಂತಾರೆ. ನನಗೋ ಕಥೆ ಬರೆಯುವ ಹುಚ್ಚು. ಕಾಲೇಜಿನ ಭಿತ್ತಿಪತ್ರಿಕೆ ಬಿಟ್ಟರೆ ಬೇರೆಲ್ಲೂ ಬಂದಿಲ್ಲ. ಕಥೆ ಬರೆಯುವುದನ್ನು ಕನ್ನಡದಲ್ಲಿ ಕಲಿಸುವ ಕೋರ್ಸ್ ನಮ್ಮ ಕಡೆ ಏನಾದರೂ ಉಂಟಾ? ಬಿ.ಎಡ್.ಗೆ ಸೇರಿದರೆ ಬರೆಯಲು ಪುರುಸೊತ್ತೇ ಇಲ್ಲವಂತೆ, ಹೌದಾ? ಮನೆಯಲ್ಲಿ ಮಾತಾಡುವುದು ತುಳು. ಹಳೆಗನ್ನಡ ಅಂದರೆ ಸ್ವಲ್ಪ ಹೆದರಿಕೆಯೂ ಉಂಟು.

ರೆಕಾರ್ಡ್ ರಾಣಿ:

ಮಂಗಳೂರಲ್ಲಿ ಬಿ.ಎಡ್. ಮಾಡ್ತಾ ಇದ್ದೇನೆ. ಪುರುಸೊತ್ತು? ನಗು ಬಂತು ಮಾರಾಯ್ತಿ. ಈಗ ಮೈಕ್ರೋ ಟೀಚಿಂಗ್ ನಡೀತಾ ಉಂಟು. ಐದಾರು ನಿಮಿಷದ ಪಾಠ, ಕೂತಿರುವುದು ನಮ್ಮ ಕ್ಲಾಸಿನವರೇ, ಅವರೇ ಎಂಟನೇ ಕ್ಲಾಸಿನ ಮಕ್ಕಳ ಹಾಗೆ ಕೈ ಎತ್ತಬೇಕು. ಒಂದು ದಿನ ಪ್ರಶ್ನೆ ಕೇಳುವ ಕೌಶಲ, ಇನ್ನೊಂದು ದಿನ ಕಪ್ಪುಹಲಗೆ ಬಳಸುವ ಕೌಶಲ. ಮನೆಗೆ ಬಂದರೆ ಚಾರ್ಟ್, ಸ್ಕೆಚ್ ಪೆನ್, ಪಾಠ ಯೋಜನೆ. ರಾತ್ರಿ ಕಥೆ ಬರೆಯುವುದೆಲ್ಲ ಸುಮ್ನೆ ಕನಸು.

ಚಾಕ್‌ಪೀಸ್ ಮಾಷ್ಟ್ರು:

ನಾನು ಕುಂದಾಪುರ ಕಡೆಯ ಒಂದು ಹೈಸ್ಕೂಲಲ್ಲಿ ಕನ್ನಡ ಮಾಷ್ಟ್ರು. ಎಂ.ಎ. ಮುಗಿಸಿ ಬಿ.ಎಡ್. ಮಾಡಿದವನು. ಹಾಗಾಗಿ ನನ್ನ ವೋಟು ಯಾವ ಕಡೆ ಅಂತ ಗೊತ್ತಾಯ್ತಲ್ಲ.

ಮೊದಲು ಅಪ್ಪನ ಲೆಕ್ಕ ನೋಡುವಾ. ಬಿ.ಎಡ್. ಮುಗಿದ ಕೂಡಲೇ ಸರಕಾರಿ ಕೆಲಸ ಇಲ್ಲ. ಒಂದರಿಂದ ಐದನೇ ಕ್ಲಾಸಿಗೆ ಬಿ.ಎಡ್. ನಡೆಯುವುದಿಲ್ಲ, ಡಿ.ಎಲ್.ಎಡ್. (ಪ್ರಾಥಮಿಕ ಶಿಕ್ಷಕರ ಡಿಪ್ಲೊಮಾ) ಬೇಕು ಅಂತ 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಆರರಿಂದ ಎಂಟಕ್ಕೆ ಬಿ.ಎಡ್. ಜೊತೆ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆಯ ಎರಡನೇ ಪತ್ರಿಕೆ ಪಾಸಾಗಬೇಕು. ಒಟ್ಟು 150 ಅಂಕ. ಸಾಮಾನ್ಯ ವರ್ಗಕ್ಕೆ 90 ಬಂದರೆ ಪಾಸು. ಅದರಲ್ಲಿ ಮೊದಲ ಭಾಷೆಗೆ ಇರುವುದು 30 ಮಾತ್ರ. 60 ಅಂಕ ಸಮಾಜ ವಿಜ್ಞಾನಕ್ಕೆ, ಇಲ್ಲವೇ ಗಣಿತ ವಿಜ್ಞಾನಕ್ಕೆ. ನಿಮ್ಮ ಇತಿಹಾಸ, ಅರ್ಥಶಾಸ್ತ್ರ ಅಲ್ಲಿ ಕೈ ಹಿಡಿಯುತ್ತದೆ. ಹೈಸ್ಕೂಲಿನ ಕನ್ನಡಕ್ಕೆ ಐಚ್ಛಿಕ ಕನ್ನಡ ಓದಿರಬೇಕು, ನೀವು ಓದಿದ್ದೀರಿ, ಒಳ್ಳೆಯದಾಯ್ತು. ಪಿಯು ಉಪನ್ಯಾಸಕಿ ಆಗಲು ಎಂ.ಎ.ಯಲ್ಲಿ ಶೇ. 55 ಮತ್ತು ಬಿ.ಎಡ್. ಎರಡೂ ಬೇಕು. ಡಿಗ್ರಿ ಕಾಲೇಜಿಗೆ ಬಿ.ಎಡ್. ಬೇಡ, ಎಂ.ಎ. ಜೊತೆ ನೆಟ್ ಅಥವಾ ಕೆ-ಸೆಟ್ ಅನ್ನುವ ಅರ್ಹತಾ ಪರೀಕ್ಷೆ ಆಗಬೇಕು. ಪೇಟೆಯವರು "ಎಂ.ಎ. ಕನ್ನಡಕ್ಕೆ ಬೆಲೆ ಇಲ್ಲ" ಅಂತ ಹೇಳುವುದು ಈ ಪಟ್ಟಿ ನೋಡದೆ.

ಇನ್ನು ನನ್ನ ವಾದ. ಬಿ.ಎಡ್.ನಲ್ಲಿ ಕನ್ನಡ ಕಲಿಸುವುದಿಲ್ಲ. ಕನ್ನಡ ನಿಮಗೆ ಬರುತ್ತದೆ ಅಂತ ಇಟ್ಟುಕೊಂಡು ಅದನ್ನು ಪಾಠ ಮಾಡುವುದು ಹೇಗೆ ಅಂತ ಹೇಳಿಕೊಡುತ್ತಾರೆ. ಬಾರದಿದ್ದರೆ ಏನಾಗುತ್ತದೆ ಅಂತ ನಾನು ಪ್ರತಿ ವರ್ಷ ನೋಡುತ್ತೇನೆ, ನಮ್ಮ ಶಾಲೆಗೆ ಇಂಟರ್ನ್‌ಶಿಪ್‌ಗೆ ಬರುತ್ತಾರಲ್ಲ, ಎರಡನೇ ವರ್ಷದವರು. ಈ ಸಲ ಒಬ್ಬಳು ಭಾಮಿನಿ ಷಟ್ಪದಿಯ (ಆರು ಸಾಲಿನ ಒಂದು ನಡುಗನ್ನಡ ಛಂದಸ್ಸು) ಪದ್ಯ ತೆಗೆದುಕೊಂಡಿದ್ದಳು. ಪಾಠ ಯೋಜನೆ ಚಂದ ಇತ್ತು: ತೊಡಗಿಕೊಳ್ಳುವಿಕೆ, ಪರಿಶೋಧನೆ, ವಿವರಣೆ, ಎಲ್ಲ ಕಾಲಂ ತುಂಬಿದ್ದಳು. ಚಾರ್ಟಿಗೆ ಬಣ್ಣದ ಬಾರ್ಡರ್ ಬೇರೆ. ಪದ್ಯ ಓದಲು ಶುರು ಮಾಡಿದಳು ನೋಡಿ, ಪೇಪರ್ ಓದಿದ ಹಾಗೆ ಓದಿದಳು. ಸಾಲು ಮುರಿಯಬೇಕಾದ ಕಡೆ ಮುರಿಯಲಿಲ್ಲ. ಮಕ್ಕಳು ಕಿಟಕಿ ಕಡೆ ತಿರುಗಿದರು.

ಮಧ್ಯಾಹ್ನ ಸ್ಟಾಫ್ ರೂಮಲ್ಲಿ ಅವಳನ್ನು ಕೂರಿಸಿ ಮೇಜು ತಟ್ಟಿ ತೋರಿಸಿದೆ. ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆ, ಅಂದರೆ ಅಕ್ಷರ ಹೇಳುವ ಹೊತ್ತಿನ ಅಳತೆ. ಒಂದು, ಎರಡು, ನಾಲ್ಕು, ಐದನೇ ಸಾಲಿಗೆ 14 ಮಾತ್ರೆ. ಮೂರು ಮತ್ತು ಆರನೇ ಸಾಲು ಉದ್ದ: ಮೂರು-ನಾಲ್ಕು ಮೂರು ಸಲ ಬಂದು ಕೊನೆಗೊಂದು ಗುರು (ಎರಡು ಮಾತ್ರೆಯ ಅಕ್ಷರ), ಒಟ್ಟು 23. ಮರುದಿನ ಕ್ಲಾಸಲ್ಲಿ ಅವಳು ಅರ್ಥ ಹೇಳುವ ಗೋಜಿಗೇ ಹೋಗಲಿಲ್ಲ, ಮೊದಲು ಡೆಸ್ಕ್ ತಟ್ಟಿಸಿದಳು. ಹಿಂದಿನ ಬೆಂಚಿನ ಒಬ್ಬ ಹುಡುಗ ಪದ್ಯವನ್ನು ಯಕ್ಷಗಾನದ ಭಾಗವತರ ಹಾಗೆ ಎಳೆದು ಹಾಡಿಯೇ ಬಿಟ್ಟ. ಯಕ್ಷಗಾನದ ಆಟ ನೋಡಿ ಬೆಳೆದ ಮಕ್ಕಳಲ್ವಾ, ಅವರ ಕಿವಿಯಲ್ಲಿ ಈ ಲಯ ಮೊದಲೇ ಉಂಟು. ತುಳು ಮನೆಮಾತು ಅಂತ ಹೆದರುವ ನಿಮಗೂ ಇದೇ ಉತ್ತರ. ಯಕ್ಷಗಾನ, ತಾಳಮದ್ದಳೆ ಕೇಳಿದ ಕಿವಿಗೆ ನಡುಗನ್ನಡ ದೂರ ಅಲ್ಲ. ಹಳೆಗನ್ನಡಕ್ಕೆ ಸ್ವಲ್ಪ ಜಾಸ್ತಿ ಬೆವರು ಸುರಿಸಬೇಕು, ಅದಕ್ಕೇ ಎಂ.ಎ. ಇರುವುದು.

ಕಥೆಯ ವಿಷಯ. ಎಂ.ಎ. ಮಾಡಿದರೆ ಓದು ಬೆಳೆಯುತ್ತದೆ, ವಿಮರ್ಶೆ ತಲೆಗೆ ಹತ್ತುತ್ತದೆ. ಕಾವ್ಯಮೀಮಾಂಸೆಯ ನೋಟ್ಸ್ ಬರೆದು ಕಥೆಗಾರರಾದವರನ್ನು ನಾನಂತೂ ಕಂಡಿಲ್ಲ. ಕೊಣಾಜೆಯಲ್ಲಿ ಪತ್ರಿಕೋದ್ಯಮದ ಎಂ.ಎ. ಕೂಡ ಉಂಟು. ಅದು ಸುದ್ದಿ ಬರೆಯುವ ಕೆಲಸಕ್ಕೆ, ಕಥೆಗೆ ಅಲ್ಲ. ನನಗೆ ಬರವಣಿಗೆ ಕಲಿಸಿದ್ದು ಮಕ್ಕಳ ಪ್ರಬಂಧದ ಕಟ್ಟು. ನಗಬೇಡಿ. "ನನ್ನ ಅಮ್ಮ" ಅಂತ ಕೊಟ್ಟರೆ ಇಡೀ ಕ್ಲಾಸು "ನನ್ನ ಅಮ್ಮ ತುಂಬಾ ಒಳ್ಳೆಯವರು" ಅಂತಲೇ ಶುರು. ನಡುವೆ ಒಬ್ಬ ಬರೆದಿದ್ದ: "ಅಮ್ಮ ಮೀನು ಮಾರಿ ಬಂದು ಎರಡು ಸಲ ಸಾಬೂನು ಹಾಕಿ ಕೈ ತೊಳೆದ ಮೇಲೆಯೇ ನನ್ನ ಪುಸ್ತಕ ಮುಟ್ಟುತ್ತಾರೆ." ಕಾಗುಣಿತ ತಪ್ಪಿತ್ತು. ತಿದ್ದಿದೆ, ವಾಕ್ಯ ಮುಟ್ಟಲಿಲ್ಲ. ಅದಾದ ಮೇಲೆ ನಾನು ಬರೆದದ್ದರಲ್ಲಿ "ತುಂಬಾ ಒಳ್ಳೆಯವರು" ಎಲ್ಲೆಲ್ಲಿ ಉಂಟು ಅಂತ ಹುಡುಕಿ ಹೊಡೆದು ಹಾಕುತ್ತೇನೆ.

ಹಂಪನಕಟ್ಟೆ ಹುಡುಗ:

ಮಾಷ್ಟ್ರೇ, ನೀವು ಹೇಳಿದ್ದು ಚಂದ ಉಂಟು, ಆದರೆ ಮನೆ ನಡೆಯಬೇಕಲ್ಲ. ನನ್ನ ಅಕ್ಕ ಎಂ.ಎ., ಬಿ.ಎಡ್. ಎರಡೂ ಮಾಡಿ ಒಂದು ಖಾಸಗಿ ಶಾಲೆ ಸೇರಿದಳು. ಸಂಬಳ ಹೇಳಿದರೆ ನಾಚಿಕೆ. ಮೇಲಿಂದ ಅವಳ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಂಡು ವರ್ಷದ ನಡುವೆ ಬಿಡಲೇ ಇಲ್ಲ. ಕಾಪು ಅವರೇ, ಎಲ್ಲಿ ಸೇರಿದರೂ ಒರಿಜಿನಲ್ ಮಾತ್ರ ಕೊಡಬೇಡಿ.

ಚಾಕ್‌ಪೀಸ್ ಮಾಷ್ಟ್ರು:

ಹಂಪನಕಟ್ಟೆಯವರೇ, ಸತ್ಯ. ಅದಕ್ಕೇ ಹೇಳುವುದು, ಮನೆಯಲ್ಲಿ ದುಡ್ಡಿನ ಒತ್ತಡ ಇದ್ದರೆ ಬಿ.ಎಡ್. ಮೊದಲು ಮಾಡಿ. ಕೆಲಸ ಮಾಡುತ್ತಾ ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯದಿಂದ ಎಂ.ಎ. ಕಟ್ಟಬಹುದು. ಛಂದಸ್ಸು ಮಾತ್ರ ಯಾರಾದರೂ ಎದುರಿಗೆ ಕೂರಿಸಿ ಹೇಳಿಕೊಡಬೇಕು.

ಕಾಪು ಕಡಲು:

ಎಲ್ಲರಿಗೂ ಥ್ಯಾಂಕ್ಸ್. ಅಪ್ಪನಿಗೆ ಪಿಯು ವಿಷಯ ಓದಿ ಹೇಳಿದೆ, ಸ್ವಲ್ಪ ಮೆತ್ತಗಾದರು. ಈಗ ಅವರ ಪ್ರಶ್ನೆ ಬೇರೆ: ಕಾಪುವಿನಿಂದ ಕೊಣಾಜೆಗೆ ದಿನಾ ಹೋಗಿ ಬರಲು ಆಗುತ್ತದಾ?

ರೆಕಾರ್ಡ್ ರಾಣಿ:

ಆಗುತ್ತದೆ, ಆದರೆ ಸುಸ್ತು. ಮಂಗಳೂರಿಗೆ ಎಕ್ಸ್‌ಪ್ರೆಸ್, ಸ್ಟೇಟ್‌ಬ್ಯಾಂಕ್‌ನಲ್ಲಿ ಇಳಿದು ತೊಕ್ಕೊಟ್ಟು, ದೇರಳಕಟ್ಟೆ ದಾರಿಯ ಕೊಣಾಜೆ ಬಸ್ಸು. ಮಳೆಗಾಲದಲ್ಲಿ ಕೇಳಲೇಬೇಡಿ. ಹಾಸ್ಟೆಲ್‌ಗೆ ಅರ್ಜಿ ಹಾಕು. ರಾತ್ರಿ ಕಥೆ ಬರೆಯಲಿಕ್ಕೂ ಆಗುತ್ತದೆ, ಅಲ್ಲಿ ಚಾರ್ಟ್ ಮಾಡುವ ಕೆಲಸ ಇಲ್ಲ.