ಕರಾವಳಿ ಮಳೆಯಲ್ಲಿ ಸೈಕಲ್ ತುಳಿಯೋಕೆ ಎಂಥ ಬಟ್ಟೆ?

ಕಡಲತಡಿ:
ಸುರತ್ಕಲ್‌ನಿಂದ ಮಂಗಳೂರಿಗೆ ದಿನಾ ಸೈಕಲ್, ಹೆದ್ದಾರಿ 66ರಲ್ಲಿ. ಬೈಕಿನವರ ರೈನ್‌ಕೋಟ್ ಹಾಕಿದರೆ ಮಳೆಗಿಂತ ಬೆವರಿಗೇ ಜಾಸ್ತಿ ಒದ್ದೆ. ‘10,000 ಎಂಎಂ’ ಅಂತ ಬರೆದ ಜಾಕೆಟ್‌ಗೆ ದುಡ್ಡು ಹಾಕಬಹುದಾ? ಅಥವಾ ತಲೆ ಮೇಲಿಂದ ಹಾಕೋ ಸಡಿಲ ಮಳೆ ಹೊದಿಕೆ, ಪಾಂಚೋ, ಸಾಕಾ?

ಚೈನ್‌ರಿಂಗ್:
ಆ 10,000 ಅಂದರೆ ಎಷ್ಟು ಎತ್ತರದ ನೀರಿನ ಒತ್ತಡವನ್ನು ಬಟ್ಟೆ ತಡೆಯುತ್ತೆ ಅನ್ನೋ ಲೆಕ್ಕ. ಬೆವರಿಗೂ ಅದಕ್ಕೂ ಸಂಬಂಧ ಇಲ್ಲ. ಬೆವರಿಗೆ ಬೇರೆ ಅಂಕಿ ಇರುತ್ತೆ: ಒಂದು ಚದರ ಮೀಟರ್ ಬಟ್ಟೆಯಿಂದ 24 ಗಂಟೆಯಲ್ಲಿ ಎಷ್ಟು ಗ್ರಾಂ ಆವಿ ಆಚೆ ಹೋಗುತ್ತೆ ಅಂತ. ಆದರೆ ಹೊರಗಿನ ಗಾಳಿ ಒಳಗಿನದಕ್ಕಿಂತ ಒಣಗಿದ್ದರೆ ತಾನೇ ಆವಿ ಹೋಗೋದು? ಜುಲೈ ತಿಂಗಳ ಮಂಗಳೂರಿನಲ್ಲಿ ಆ ಅಂತರವೇ ಕಮ್ಮಿ. ಅದಕ್ಕೇ ದುಬಾರಿ ಬಟ್ಟೆಗಿಂತ ಕಂಕುಳಲ್ಲಿ ಜಿಪ್, ಬೆನ್ನಲ್ಲಿ ಗಾಳಿ ಕಿಂಡಿ ಇರೋದನ್ನು ಹುಡುಕಿ.

ಅಂಗಡಿಯಲ್ಲಿ ಹ್ಯಾಂಡಲ್ ಹಿಡಿದ ಹಾಗೆ ಬಗ್ಗಿ, ಕೈ ಮುಂದೆ ಚಾಚಿ. ತೋಳು ಮಣಿಕಟ್ಟಿಂದ ಮೇಲೆ ಸರಿದರೆ, ಬೆನ್ನಿನ ಭಾಗ ಸೊಂಟ ಮುಚ್ಚದಿದ್ದರೆ ಅದು ನಿಮಗಲ್ಲ. ಒಳಮೈ ತಿರುಗಿಸಿ, ಹೊಲಿಗೆಗಳ ಮೇಲೆ ಟೇಪ್ ಇದೆಯಾ ನೋಡಿ. ಇಲ್ಲದಿದ್ದರೆ ಸೂಜಿ ತೂತಲ್ಲೇ ನೀರು ಇಳಿಯುತ್ತೆ, ಮೊದಲು ಭುಜದ ಹತ್ತಿರ.

ಪಾಂಚೋ ಊರೊಳಗೆ ನಿಧಾನವಾಗಿ ಹೋಗೋರಿಗೆ ಸರಿ. ಹೆದ್ದಾರಿಯಲ್ಲಿ ಲಾರಿ ಪಕ್ಕದಲ್ಲಿ ಹಾದರೆ ಹಾಯಿ ಥರ ಉಬ್ಬಿ ಸೈಕಲ್ಲನ್ನೇ ಎಳೆಯುತ್ತೆ. ಬೇಡ.

ಮಡ್‌ಗಾರ್ಡ್ ಪ್ರಿಯ:
ಮಳೆ ಪ್ಯಾಂಟೂ ಬೇಡ, ಮೊಣಕಾಲು ಬೇಯುತ್ತೆ. ತೆಳು ಪಾಲಿಯೆಸ್ಟರ್ ಚಡ್ಡಿ, ಟೀಶರ್ಟ್ ಸಾಕು. ಕಾಟನ್ ಬನಿಯನ್ ನೀರು ಕುಡಿದು ಸಂಜೆವರೆಗೂ ಒಣಗಲ್ಲ. ಕಾಲಿಗೆ ಹಿಮ್ಮಡಿ ಪಟ್ಟಿ ಇರುವ ಸ್ಯಾಂಡಲ್. ಆಫೀಸ್ ಬಟ್ಟೆಯನ್ನು ಬಾಯಿ ಸುತ್ತಿ ಮುಚ್ಚುವ ಚೀಲಕ್ಕೆ ಹಾಕಿ, ಕನಿಷ್ಠ 3 ಸುತ್ತು ಸುತ್ತಿ. ಹೆಲ್ಮೆಟ್ ಅಡಿಗೆ ಮುಂದೆ ಅಂಚು ಚಾಚಿರುವ ತೆಳು ಟೋಪಿ ಹಾಕಿದರೆ ಕಣ್ಣಿಗೆ ಹನಿ ಬಡಿಯಲ್ಲ. ಜಾಕೆಟ್‌ನ ಹುಡ್ ಹಾಕಿಕೊಂಡರೆ ಹಿಂದೆ ತಿರುಗಿದಾಗ ಅದರ ಬಟ್ಟೆಯೇ ಕಾಣೋದು, ಗಾಡಿ ಕಾಣಲ್ಲ.

ಇಷ್ಟೆಲ್ಲ ಕೊಳ್ಳೋ ಮೊದಲು ಎರಡೂ ಚಕ್ರಕ್ಕೆ ಪೂರ್ತಿ ಉದ್ದದ ಮಡ್‌ಗಾರ್ಡ್ ಹಾಕಿಸಿ. ಬೆನ್ನಿಗೆ ಬೀಳೋ ಕೆಸರು ಮೋಡದಿಂದ ಬರಲ್ಲ.

ಘಟ್ಟದ ಗಾಳಿ:
ಮೇಲಿನದೆಲ್ಲ ಕರಾವಳಿಗೆ. ಮುಳ್ಳಯ್ಯನಗಿರಿ ಕಡೆ ಹೋಗೋರು ಇದನ್ನೇ ನಂಬಬೇಡಿ. ಇಳಿಯುವಾಗ ತುಳಿತ ಇಲ್ಲ, ಮೈ ಬಿಸಿಯಾಗಲ್ಲ, ಒದ್ದೆ ಬಟ್ಟೆಗೆ ಗಾಳಿ ಬಡಿದು ಬೆರಳು ಮರಗಟ್ಟಿದರೆ ಬ್ರೇಕ್ ಹಿಡಿಯೋದೇ ಕಷ್ಟ. ಹತ್ತುವಾಗ ಜಾಕೆಟ್ ಬ್ಯಾಗಲ್ಲಿರಲಿ, ಇಳಿಯೋಕೆ ಮುಂಚೆ ಹಾಕಿ. ಗ್ಲೌಸ್ ಪೂರ್ತಿ ಬೆರಳಿನದು.

ಕಡಲತಡಿ:
ಥ್ಯಾಂಕ್ಸ್. ಅಣ್ಣನ ಹಳೇ ಜಾಕೆಟ್ ಒಂದಿದೆ, ಆದರೆ ಹೊರಬಟ್ಟೆ ನೀರು ಹೀರ್ತಿದೆ. ಹೋಯ್ತು ಅಂತ ಲೆಕ್ಕವಾ?

ಚೈನ್‌ರಿಂಗ್:
ಒಳಗಿನ ಪದರ ಸಿಪ್ಪೆ ಏಳ್ತಿದ್ದರೆ ಹೋಯ್ತು. ಇಲ್ಲದಿದ್ದರೆ ಸ್ವಲ್ಪವೇ ದ್ರವ ಸೋಪಲ್ಲಿ ಒಗೆದು ಎರಡು ಸಲ ಜಾಲಿಸಿ, ಕಂಫರ್ಟ್ ಥರದ್ದು ಹಾಕಬೇಡಿ. ಒಣಗಿದ ಮೇಲೆ ಲೇಬಲ್‌ನಲ್ಲಿ ಇಸ್ತ್ರಿಗೆ ಅಡ್ಡಿ ಇಲ್ಲದಿದ್ದರೆ, ಮೇಲೊಂದು ಬಟ್ಟೆ ಹಾಸಿ ಕಮ್ಮಿ ಬಿಸಿಯಲ್ಲಿ ಉಜ್ಜಿ. ನೀರು ಚಿಮುಕಿಸಿ, ಹನಿ ಉರುಳಿ ಹೋಗದಿದ್ದರೆ ಆಗ ಬಟ್ಟೆ ನೀರು ಹೀರದಂತೆ ಮಾಡೋ ಸ್ಪ್ರೇ ತನ್ನಿ.