ಅರ್ಧಕ್ಕೆ ನಿಂತ ಆರ್‌ವಿ-7 ವಿಮಾನ: ಕೊಳ್ಳುವ ಮುನ್ನ ಏನು ನೋಡಬೇಕು?

ಪ್ರಶ್ನೆ: ಟೆಕ್ಸಾಸ್‌ನಲ್ಲಿ ಒಬ್ಬರು ಗ್ಯಾರೇಜಿನಲ್ಲಿ ಅರ್ಧಕ್ಕೆ ನಿಲ್ಲಿಸಿರುವ ಆರ್‌ವಿ-7 ಕಿಟ್ಟನ್ನು (ಬಿಡಿಭಾಗಗಳಿಂದ ನಾವೇ ಜೋಡಿಸಿಕೊಳ್ಳುವ ಸಣ್ಣ ವಿಮಾನ) ಕೊಂಡು ನಾನೇ ಪೂರ್ಣಗೊಳಿಸಬೇಕೆಂದಿದ್ದೇನೆ. ರೆಕ್ಕೆಗಳು ಮುಗಿದಿವೆಯಂತೆ. ಏನೇನು ಪರಿಶೀಲಿಸಬೇಕೆಂದು ದಯವಿಟ್ಟು ತಿಳಿಸಿ.

ಉತ್ತರ 1: ಮೊದಲು ದಾಖಲೆ ಕೇಳಿ, ಸರ್. ಕೆಲಸದ ಬಹುಪಾಲು ಹವ್ಯಾಸಿಗಳ ಕೈಯಿಂದಲೇ ಆಗಿದೆಯೆಂದು ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಎಫ್‌ಎಎಗೆ ತೋರಿಸಬೇಕಾಗುವುದರಿಂದ, ಹಿಂದಿನವರ ದಿನಚರಿ, ಫೋಟೊ, ರಸೀದಿಗಳು ಇಲ್ಲದಿದ್ದರೆ ಎಷ್ಟೇ ಅಗ್ಗವಾದರೂ ನಾನು ಮುಟ್ಟುವುದಿಲ್ಲ.

ಉತ್ತರ 2: ಮುಚ್ಚಿದ ರೆಕ್ಕೆಯೊಳಗೆ ಟಾರ್ಚು, ಪುಟ್ಟ ಕನ್ನಡಿ ಹಿಡಿದು ರಿವೆಟ್‌ಗಳ ಒಳತಲೆಗಳನ್ನು (ತಗಡುಗಳನ್ನು ಜೋಡಿಸುವಾಗ ಬಡಿದು ಚಪ್ಪಟೆ ಮಾಡಿದ ತುದಿಗಳನ್ನು) ನೋಡಿ, ಅವುಗಳ ಅಗಲ ರಿವೆಟ್ ವ್ಯಾಸದ ಸುಮಾರು 1.5 ಪಟ್ಟು, ಎತ್ತರ ಆ ವ್ಯಾಸದ ಅರ್ಧದಷ್ಟು ಇರಬೇಕು. ನಾನು ನೋಡಿದ ಒಂದು ರೆಕ್ಕೆಯಲ್ಲಿ ತಲೆಗಳೆಲ್ಲ ಒಂದೇ ಕಡೆಗೆ ವಾಲಿದ್ದವು, ಇಲಿಗಳ ಮೂತ್ರ ಬಿದ್ದಲ್ಲಿ ಅಲ್ಯೂಮಿನಿಯಂ ಬಿಳಿ ಪುಡಿಯಾಗಿತ್ತು.

ಪ್ರಶ್ನಿಸಿದವರು: ಧನ್ಯವಾದಗಳು. ಹವ್ಯಾಸಿ ವಿಮಾನ ನಿರ್ಮಾಪಕರ ಸಂಘವಾದ ಇಎಎಯ ತಾಂತ್ರಿಕ ಸಲಹೆಗಾರರೊಬ್ಬರನ್ನು ಜೊತೆಗೆ ಕರೆದೊಯ್ಯುತ್ತೇನೆ.