ತಂಗಿಗೆ ಎಂ.ಎಸ್ಸಿ. ಪೇಮೆಂಟ್ ಸೀಟು: ಸೇರಿಸಲಾ, ಕಾಯಲಾ?

ಶಹಾಪುರದಿಂದ: ತಂಗಿ ಬಿ.ಎಸ್ಸಿ. ಮುಗಿಸಿದ್ದಾಳೆ. ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮಾಡುವ ಆಸೆ. ಮೆರಿಟ್ ಪಟ್ಟಿಯಲ್ಲಿ ಹೆಸರು ಬರಲಿಲ್ಲ, ಜಾಸ್ತಿ ಫೀಸಿನ ಪೇಮೆಂಟ್ ಸೀಟು ಕೊಡ್ತೀವಿ ಅಂತಿದ್ದಾರೆ. ಅಪ್ಪ ಸಾಲ ಮಾಡೋಕೂ ತಯಾರು. ಗೊತ್ತಿರುವವರು ಅನುಭವ ಹೇಳಿ.

ಕಲಬುರಗಿಯಿಂದ, ಅತಿಥಿ ಉಪನ್ಯಾಸಕಿ: ಅಣ್ಣಾ, ಸಾಲದ ಮಾತು ಆಮೇಲೆ. ಮೊದಲು ಆ ವಿಭಾಗಕ್ಕೆ ಹೋಗಿ ನೋಟಿಸ್ ಬೋರ್ಡಿನಲ್ಲಿ ವೇಳಾಪಟ್ಟಿ ನೋಡಿ. ನಾನು ಓದಿದ ಕಡೆ ಪಾಠ ಮಾಡುವವರ ಹೆಸರಿರಬೇಕಾದ ಜಾಗದಲ್ಲಿ ‘ಅತಿಥಿ 1’, ‘ಅತಿಥಿ 2’ ಅಂತ ಬರೆದು ಅಂಟಿಸಿದ್ದರು. ಆ ಅತಿಥಿಗಳ ನೇಮಕದ ಆದೇಶ ಬರುವಷ್ಟರಲ್ಲಿ ಅರ್ಧ ಸೆಮಿಸ್ಟರ್ ಕಳೆದಿತ್ತು. ಫೀಸು ಮಾತ್ರ ಮೊದಲೇ ಪೂರ್ತಿ ಕಟ್ಟಿಸಿಕೊಂಡಿದ್ದರು.

ಈಗ ನಾನೇ ಸರ್ಕಾರಿ ಡಿಗ್ರಿ ಕಾಲೇಜೊಂದರಲ್ಲಿ ಅತಿಥಿ. 2022ರ ಜನವರಿವರೆಗೆ ನಮಗೆ ತಿಂಗಳಿಗೆ 11ರಿಂದ 13 ಸಾವಿರ ಸಿಗುತ್ತಿತ್ತು. ಹೋರಾಟ ಮಾಡಿದ ಮೇಲೆ 26ರಿಂದ 32 ಸಾವಿರ ಆಯಿತು. ಜೊತೆಗೇ ವಾರಕ್ಕೆ 15 ಗಂಟೆ ಕಾರ್ಯಭಾರ ಅಂತ ಮಾಡಿದರು. ಇಬ್ಬರು ಹಂಚಿಕೊಂಡಿದ್ದ ಪಾಠ ಒಬ್ಬರ ಪಾಲಾಯಿತು, ಎಷ್ಟೋ ಜನ ಕೆಲಸ ಕಳೆದುಕೊಂಡರು. ಖಾಯಂ ಹುದ್ದೆ ತುಂಬಿದರೆ ಸರ್ಕಾರ ವರ್ಷಾನುಗಟ್ಟಲೆ ಪೂರ್ತಿ ಸಂಬಳ ಕೊಡಬೇಕಲ್ವಾ? ಅದಕ್ಕೇ ಖಾಲಿ ಬಿಡುತ್ತಾರೆ. ಅನುದಾನ ಸಾಲದಿದ್ದರೆ ವಿಶ್ವವಿದ್ಯಾಲಯಗಳು ಪೇಮೆಂಟ್ ಸೀಟು ತೆರೆಯುತ್ತವೆ. ಸರ್ಕಾರ ಉಳಿಸಿದ ದುಡ್ಡನ್ನು ನಿಮ್ಮಪ್ಪನಂಥವರು ಸಾಲ ತಂದು ತುಂಬಬೇಕಾಗಿದೆ. ಇದು ಅನ್ಯಾಯ.

ಬೀದರಿನಿಂದ: ಅಕ್ಕ ಹೇಳಿದ್ದು ಸರಿ. ದೆಹಲಿಯಲ್ಲೂ ಇದೇ ದಾರಿ. 2017ರಲ್ಲಿ ಕೇಂದ್ರ ಸರ್ಕಾರ ಹೆಫಾ ಅಂತ ಒಂದು ಸಂಸ್ಥೆ ಮಾಡಿತು, ಕೆನರಾ ಬ್ಯಾಂಕ್ ಜೊತೆ ಸೇರಿ. ಕೇಂದ್ರದ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಕಟ್ಟಡ, ಲ್ಯಾಬಿಗೆ ಮುಂಚೆ ಅನುದಾನ ಬರುತ್ತಿತ್ತು, ಅದರ ಬದಲು ಸಾಲ ಕೊಡೋಕೆ. ಆ ಸಾಲದ ಅಸಲು ತೀರಿಸೋಕೆ ಹಲವು ಸಂಸ್ಥೆಗಳು ಸ್ವಂತ ಆದಾಯ ತೋರಿಸಬೇಕು. ಅಂದರೆ ಕೊನೆಗೆ ಫೀಸೇ.

ನಿಮ್ಮ ವಿಷಯಕ್ಕೆ ಬರ್ತೀನಿ. ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದಡಿ ಮೀಸಲಾತಿ ಕೊಡಿಸುವ 371(ಜೆ) ಪ್ರಮಾಣಪತ್ರ ಮಾಡಿಸಿದ್ದೀರಾ? ನಮ್ಮ ಭಾಗದಲ್ಲಿ ಸ್ಥಳೀಯರಿಗೆ ಶೇ 70 ಸೀಟು, ಹೊರಗೆ ಶೇ 8. ಅದಕ್ಕೇ ನಮ್ಮ ಭಾಗದ ಹೊರಗಿನ ಧಾರವಾಡಕ್ಕೂ ಅರ್ಜಿ ಹಾಕಿಸಿ. ಎಷ್ಟೋ ಮಕ್ಕಳು ಸುಮ್ನೆ ಕಲಬುರಗಿಗೊಂದೇ ಹಾಕಿ ಕೂತುಬಿಡ್ತಾರೆ. ಮೊದಲ ಪಟ್ಟಿಯಲ್ಲಿ ಹೆಸರಿಲ್ಲ ಅಂತ ಗಾಬರಿ ಬೇಡ, ಮುಂದಿನ ಸುತ್ತಿನವರೆಗೆ ಕಾಯಿರಿ. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವೂ ಇದೆ. ಅಲ್ಲಿಗೆ ಸಿಯುಇಟಿ ಪಿಜಿ ಅನ್ನೋ ಪ್ರವೇಶ ಪರೀಕ್ಷೆ ಬರೆಯಬೇಕು.

ಯಾದಗಿರಿಯಿಂದ, ಇಬ್ಬರು ಹೆಣ್ಣುಮಕ್ಕಳ ತಂದೆ: ತಮ್ಮಾ, ಪೇಮೆಂಟ್ ಸೀಟೇ ಗತಿ ಅನ್ನೋದಾದರೆ ದುಡ್ಡು ಕಟ್ಟೋಕೆ ಮೊದಲು ಎರಡು ವರ್ಷದ ಫೀಸು ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ಪರೀಕ್ಷೆ, ಲ್ಯಾಬ್, ಅಂಕಪಟ್ಟಿ ಎಲ್ಲಾ ಸೇರಿಸಿ. ನಮ್ಮ ದೊಡ್ಡ ಮಗಳಿಗೆ ಹೇಳಿದ ಮೊತ್ತ ಒಂದು, ಕಟ್ಟಿಸಿಕೊಂಡಿದ್ದು ಇನ್ನೊಂದು. ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಸ್ಕಾಲರ್‌ಶಿಪ್ ಆ ಸೀಟಿಗೆ ಎಷ್ಟು ಬರುತ್ತೆ ಅಂತಲೂ ಕೇಳಿ. ಹಿಂದುಳಿದ ವರ್ಗದವರಾಗಿದ್ದು ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿಗೆ ಅರ್ಜಿ ಹಾಕಿ, ಊಟ-ವಸತಿಗೆ ತಿಂಗಳಿಗೆ ಇಷ್ಟು ಅಂತ ದುಡ್ಡು ಬರುತ್ತೆ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ಇವತ್ತೇ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟುಬನ್ನಿ, ಅಡ್ಮಿಷನ್ ಹೊತ್ತಿಗೆ ಅಲ್ಲಿ ಸಾಲು ಬಹಳ ಉದ್ದ ಇರುತ್ತೆ.